ಪ್ರಸಾದವೂ ಪಂಕ್ತಿಯೂ: ಕ್ರೈಸ್ತರ ಪ್ರಭುಭೋಜನದ ಒಂದು ವಿವೇಚನೆ

ದೇವರು ಕೊಡುವವನು, ಮನುಷ್ಯನು ಪಡೆಯುವವನು ಎಂಬ ಮಾತಿನಲ್ಲಿ ಭಕ್ತಿಪಂಥಗಳ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವು ತಲೆದೋರುವುದು ಅದರ ಮುಂದಿನ ಮೂರು ಪ್ರಶ್ನೆಗಳಲ್ಲಿ. ದೇವರು ಏನನ್ನು ಕೊಡುತ್ತಾನೆ? ಕೊಟ್ಟುದನ್ನು ಯಾವ ಭಾವದಿಂದ ಸ್ವೀಕರಿಸಬೇಕು? ಸ್ವೀಕರಿಸಿದವನು ತನ್ನ ಮಗ್ಗುಲಲ್ಲಿ ಕುಳಿತವನೊಡನೆ ಹೇಗೆ ನಡೆದುಕೊಳ್ಳಬೇಕು? ಮೊದಲನೆಯ ಎರಡು ಪ್ರಶ್ನೆಗಳಿಗೆ ಶಾಸ್ತ್ರಗ್ರಂಥಗಳು ಉತ್ತರ ಹೇಳುತ್ತವೆ. ಮೂರನೆಯ ಪ್ರಶ್ನೆಗೆ ಉತ್ತರವು ಊಟದ ಪಂಕ್ತಿಯಲ್ಲಿ ಮಾತ್ರ ದೊರೆಯತಕ್ಕುದು. ಕ್ರೈಸ್ತ ಜೀವನದ ಕೇಂದ್ರಸ್ಥಾನದಲ್ಲಿರುವ ಪ್ರಭುಭೋಜನವು ಈ ಮೂರು ಪ್ರಶ್ನೆಗಳನ್ನೂ ಒಂದು ತುಂಡು ರೊಟ್ಟಿಯಲ್ಲಿ ಅಡಗಿಸಿಕೊಂಡಿರುವುದರಿಂದ, ಪ್ರಸಾದ ಮತ್ತು ದಾಸೋಹಗಳ ಪರಂಪರೆಯಲ್ಲಿ ಬೆಳೆದ ಕನ್ನಡ ವಾಚಕರಿಗೆ ಅದು ಉಪೇಕ್ಷಿಸತಕ್ಕ ವಿಷಯವಲ್ಲ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡಂಬಳವನ್ನು ಈ ವಿವೇಚನೆಗೆ ನೆಲೆಯಾಗಿ ಇಟ್ಟುಕೊಳ್ಳುವುದು ಉಚಿತ. ಹಿಂದೆ ಧರ್ಮವೊಳಲೆಂದು ಕರೆಸಿಕೊಂಡ ಈ ಊರಿನ 1095ರ ಶಾಸನವು ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕಾಲದ್ದು. ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ತಾರಾದೇವಿಯ ಆರಾಧನೆಯನ್ನೂ ಅದಕ್ಕೆ ಸಂದ ದಾನವನ್ನೂ ಅದು ಹೇಳುತ್ತದೆ. ಅದೇ ಊರಿನಲ್ಲಿ ದೊಡ್ಡಬಸಪ್ಪ ಮತ್ತು ಸೋಮೇಶ್ವರ ದೇವಾಲಯಗಳು ನಿಂತಿವೆ. ಡಂಬಳ-ಗದಗ ತೋಂಟದಾರ್ಯ ಮಠದ ಪರಂಪರೆಯೂ ಈ ಊರಿನ ಹೆಸರನ್ನೇ ಹೊತ್ತಿದೆ. 1974ರಿಂದ 2018ರವರೆಗೆ ಆ ಪೀಠದಲ್ಲಿದ್ದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳ ಕಾಲದಲ್ಲಿ ಡಂಬಳದ ಜಾತ್ರೆಯು 'ರೊಟ್ಟಿ ಜಾತ್ರೆ' ಎಂಬ ಹೆಸರಿನಿಂದ ನಾಡಿನಲ್ಲಿ ಪ್ರಸಿದ್ಧವಾಯಿತು. ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಪಲ್ಯ, ಕರಿಂಡಿಗಳೊಡನೆ ಜಾತಿಮತಗಳ ಎಣಿಕೆಯಿಲ್ಲದೆ ಜನರು ಅದನ್ನು ಕೂಡಿ ಉಣ್ಣುತ್ತಾರೆ. ದೇವರ ಔದಾರ್ಯವನ್ನು ರೊಟ್ಟಿಯ ಮೂಲಕ ಅರಿಯುವುದು ಈ ಸೀಮೆಯ ಜನಕ್ಕೆ ಹೊಸದಲ್ಲ.

ಈ ಸೀಮೆಗೆ ಕ್ರೈಸ್ತರ ರೊಟ್ಟಿಯೂ ಬಂದು ಬಹುಕಾಲವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಮಗ್ಗುಲ ಬೆಟಗೇರಿಯಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅದಕ್ಕೂ ಮೊದಲು ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಕೈಕೊಂಡ ಅನುವಾದಕಾರ್ಯದ ಫಲವಾಗಿ 1831ರ ಹೊತ್ತಿಗೆ ಇಡಿಯ ಬೈಬಲ್ಲು ಕನ್ನಡದಲ್ಲಿ ದೊರೆಯುವಂತಾಗಿತ್ತು. ಹೀಗೆ ಯೇಸುವಿನ ಕಡೆಯ ಊಟದ ಕಥೆಯು ಕನ್ನಡ ಮಾತುಗಳನ್ನು ಉಟ್ಟುಕೊಂಡು ಜೋಳದ ಸೀಮೆಗೆ ಬಂದು ಸೇರಿತು.

ಕಥೆಯು ಸರಳವಾದುದು. ತನ್ನನ್ನು ಹಿಡಿದುಕೊಡುವ ರಾತ್ರಿ ಯೇಸು ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಹೇಳಿ, ಮುರಿದು ಅವರಿಗೆ ಹಂಚುತ್ತಾನೆ. ಅದು ತನ್ನ ದೇಹವೆಂದು ಹೇಳುತ್ತಾನೆ. ದ್ರಾಕ್ಷಾರಸದ ಪಾತ್ರೆಯನ್ನು ಕೊಟ್ಟು ಅದು ತನ್ನ ರಕ್ತವೆನ್ನುತ್ತಾನೆ. ತನ್ನ ನೆನಪಿಗಾಗಿ ಇದನ್ನು ಮಾಡಬೇಕೆಂದು ವಿಧಿಸುತ್ತಾನೆ. ಈ ವೃತ್ತಾಂತದ ಅತಿ ಪ್ರಾಚೀನ ಲಿಖಿತರೂಪವು ಸುವಾರ್ತೆಗಳಿಗಿಂತ ಮೊದಲೇ, ಒಂದನೆಯ ಶತಮಾನದ ಮಧ್ಯಭಾಗದಲ್ಲಿ, ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ದೊರೆಯುತ್ತದೆ. ಆ ಪತ್ರವನ್ನು ಬರೆಯಲು ಒದಗಿದ ಕಾರಣಗಳಲ್ಲಿ ಪಂಕ್ತಿಯ ಜಗಳವೂ ಒಂದೆಂಬುದನ್ನು ಮುಂದೆ ಕಾಣಬಹುದು.

ಈ ಆಚರಣೆಗೆ ಕನ್ನಡವು ಕೊಟ್ಟ ಹೆಸರುಗಳನ್ನು ಮೊದಲು ಪರಿಶೀಲಿಸತಕ್ಕುದು. ಗ್ರೀಕ್ ಭಾಷೆಯಲ್ಲಿ ಇದರ ಹೆಸರು 'ಯೂಕರಿಸ್ತಿಯ'; ಎಂದರೆ ಕೃತಜ್ಞತಾಸ್ತುತಿ. ಕನ್ನಡದಲ್ಲಿ ಆ ಒಂದು ಹೆಸರಿನ ಸ್ಥಾನವನ್ನು ಮೂರು ಬಗೆಯ ಮಾತುಗಳು ಹಂಚಿಕೊಂಡಿವೆ. ಕಥೋಲಿಕರು ಇಡಿಯ ಆರಾಧನೆಯನ್ನು 'ಬಲಿಪೂಜೆ' ಎನ್ನುತ್ತಾರೆ. ಅದರಲ್ಲಿ ಸ್ವೀಕರಿಸುವ ರೊಟ್ಟಿಯನ್ನು 'ಪರಮಪ್ರಸಾದ', 'ಸತ್ಪ್ರಸಾದ' ಎನ್ನುತ್ತಾರೆ. ಪ್ರೊಟೆಸ್ಟಂಟರು 'ಕರ್ತನ ಭೋಜನ' ಎನ್ನುತ್ತಾರೆ. ಬಲಿ, ಭೋಜನ, ಪ್ರಸಾದ ಎಂಬ ಈ ಮೂರೂ ಒಂದೇ ವಸ್ತುವಿನ ಮೂರು ಮುಖಗಳು. ಯಾವ ಮುಖಕ್ಕೆ ಕನ್ನಡದಲ್ಲಿ ಎಷ್ಟು ಬೆಳಕು ಬಿದ್ದಿದೆ ಎಂಬುದೇ ಇಲ್ಲಿಯ ವಿಮರ್ಶೆಯ ಮೊದಲ ಅಂಶ.

'ಬಲಿ' ಎಂಬ ಮಾತು ಕನ್ನಡನಾಡಿನಲ್ಲಿ ದೇವರನ್ನು ತೃಪ್ತಿಪಡಿಸಲು ಮನುಷ್ಯನು ಕೊಡುವುದನ್ನು ಸೂಚಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಯಜ್ಞದ ಹೋತವನ್ನೂ ಹರಕೆಯ ಕುರಿಯನ್ನೂ ಕಂಡು ಮರುಗಿ, ಆ ಬಗೆಯ ಕೊಡುಗೆಯನ್ನೇ ನಿರಾಕರಿಸಿದರು. ಫರ್ಡಿನೆಂಡ್ ಕಿಟೆಲ್ಲರು ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು 1862ರಲ್ಲಿ ಪ್ರಕಟಿಸಿ, 1872ರಲ್ಲಿ ಯಜ್ಞವನ್ನೇ ವಿಷಯವಾಗಿಟ್ಟುಕೊಂಡು 'ಯಜ್ಞಸುಧಾನಿಧಿ' ಎಂಬ ಕೃತಿಯನ್ನು ಹೊರತಂದರು. ಕ್ರಿಸ್ತನ ಮರಣವನ್ನು ಯಜ್ಞದ ಭಾಷೆಗೆ ಹತ್ತಿರ ತರುವ ಪಂಡಿತಮಾರ್ಗವು ವೇದವನ್ನು ಪ್ರಮಾಣವಾಗಿ ಕೊಂಡವರಿಗೆ ಉತ್ತರವಾಗಬಹುದು. ಆದರೆ ಡಂಬಳ, ಬೆಟಗೇರಿ, ಮುಂಡರಗಿಗಳ ಒಕ್ಕಲಿಗನೂ ನೇಕಾರನೂ ಯಜ್ಞವನ್ನು ಬಿಟ್ಟು ಆಗಲೇ ಏಳು ಶತಮಾನಗಳು ಕಳೆದಿದ್ದುವು. ಅವರ ಬಾಯಲ್ಲಿ ಜೀವಂತವಾಗಿದ್ದ ಮಾತು ಪ್ರಸಾದ. ಕ್ರೈಸ್ತಸಿದ್ಧಾಂತವೂ ಬಲಿಯನ್ನು ಮಗುಚಿ ನೋಡುತ್ತದೆಂಬುದನ್ನು ಇಲ್ಲಿ ನೆನೆಯಬೇಕು: ಮನುಷ್ಯನು ದೇವರಿಗೆ ಪ್ರಾಣಿಯನ್ನು ಕೊಡುವುದಕ್ಕೆ ಬದಲಾಗಿ ದೇವರೇ ತನ್ನನ್ನು ಮನುಷ್ಯನಿಗೆ ಕೊಟ್ಟುಕೊಂಡನೆಂಬುದು ಅದರ ತಿರುಳು. ಈ ತಿರುವು 'ಬಲಿ' ಎಂಬ ಪದದಿಂದ ತಾನಾಗಿ ಹೊಳೆಯುವುದಿಲ್ಲ. ವ್ಯಾಖ್ಯಾನದ ಬೆಂಬಲ ಬೇಕಾಗುತ್ತದೆ.

'ಭೋಜನ' ಎಂಬುದು ನಿರಾಡಂಬರವಾದ ಪದ. ಕೂಡಿ ಉಣ್ಣುವ ಅರ್ಥವನ್ನು ಅದು ಉಳಿಸಿಕೊಡುತ್ತದೆ. ಆದರೆ ಕೊಡುವವನಾರು, ಕೊಟ್ಟುದೇನು ಎಂಬುದನ್ನು ಅದು ಹೇಳದು. ರೊಟ್ಟಿಯು ನಿಜವಾಗಿ ದೇಹವೋ, ದೇಹದ ಸೂಚನೆಯೋ ಎಂಬ ವಾದದಲ್ಲಿ 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರನೂ ಜ್ವಿಂಗ್ಲಿಯೂ ಬೇರೆಯಾದರು. 1551ರಲ್ಲಿ ಟ್ರೆಂಟ್ ಮಹಾಸಭೆಯು ರೊಟ್ಟಿಯ ತತ್ತ್ವವೇ ಮಾರ್ಪಡುತ್ತದೆಂದು ಕಥೋಲಿಕರಿಗೆ ನಿಶ್ಚಯಿಸಿತು. ಯುರೋಪಿನಲ್ಲಿ ವಸ್ತುವಿನ ಸ್ವರೂಪವನ್ನು ಕುರಿತ ಈ ವಾದವು ಕನ್ನಡಕ್ಕೆ ಬಂದಾಗ ಪದಗಳ ವಿಭಾಗವಾಗಿ ನಿಂತಿತು: ಒಬ್ಬರಿಗೆ ಪ್ರಸಾದ, ಇನ್ನೊಬ್ಬರಿಗೆ ಭೋಜನ.

ಮೂರರಲ್ಲಿ ಹೆಚ್ಚು ಅರ್ಥವನ್ನು ಹೊರಬಲ್ಲದು 'ಪ್ರಸಾದ'ವೇ. ಪ್ರಸನ್ನತೆ ಎಂಬ ಮೂಲಾರ್ಥದಿಂದಾಗಿ ಅದು ಕೊಟ್ಟ ವಸ್ತುವನ್ನೂ ಕೊಟ್ಟವನ ಮನಸ್ಸನ್ನೂ ಒಟ್ಟಿಗೆ ಸೂಚಿಸುತ್ತದೆ. ದೇವರ ಕೃಪೆಗೆ ಕಥೋಲಿಕರು 'ವರಪ್ರಸಾದ' ಎಂಬ ಹೆಸರನ್ನೇ ಬಳಸುವುದರಿಂದ, ಕೃಪೆ ಮತ್ತು ರೊಟ್ಟಿ ಎರಡೂ ಒಂದೇ ಮಾತಿನ ಎಳೆಯಲ್ಲಿ ಬಂದು ಕೂಡುತ್ತವೆ. ವೀರಶೈವ ಶಾಸ್ತ್ರದಲ್ಲಿಯೂ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಪ್ರಸಾದವು ಇಲ್ಲಿ ತಿನ್ನುವ ಪದಾರ್ಥವಾಗಿ ನಿಲ್ಲದೆ ಸಾಧಕನ ಒಂದು ನಿಲವಾಗಿ ಬೆಳೆಯುತ್ತದೆ. ಸ್ವೀಕರಿಸಿದುದೇ ನೀವಾಗಿರೆಂದು ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನನು ಪ್ರಭುಭೋಜನಕ್ಕೆ ಬಂದವರಿಗೆ ಬೋಧಿಸಿದುದರ ಆಶಯಕ್ಕೆ ಪ್ರಸಾದಿಯ ಈ ಕಲ್ಪನೆಯು ತೀರ ಸಮೀಪದಲ್ಲಿದೆ.

ಸಾಮ್ಯವನ್ನು ಕಂಡ ಮಾತ್ರಕ್ಕೆ ಎರಡೂ ಒಂದೆಂದು ಸಾರಿಬಿಡುವುದು ವಿಮರ್ಶೆಯೆನಿಸದು. ಎರಡು ಭೇದಗಳನ್ನು ಸ್ಪಷ್ಟವಾಗಿ ಗುರುತಿಸಬೇಕು. ಒಂದನೆಯದು ಕ್ರಮಕ್ಕೆ ಸಂಬಂಧಿಸಿದುದು. ವೀರಶೈವರಲ್ಲಿ ಅರ್ಪಿತವು ಮೊದಲು, ಪ್ರಸಾದವು ಅನಂತರ. ಲಿಂಗಕ್ಕೆ ಅರ್ಪಿಸದುದು ಅನರ್ಪಿತ, ಅದು ಸಲ್ಲದು. ಅರ್ಪಿಸತಕ್ಕ ಪದಾರ್ಥವೂ ಶಿವನದೇ ಎಂಬ ಅರಿವು ಅರ್ಪಣೆಯ ಒಳಗೆ ಇರುತ್ತದೆ. ಪ್ರಭುಭೋಜನದಲ್ಲಿಯೂ ರೊಟ್ಟಿ ದ್ರಾಕ್ಷಾರಸಗಳನ್ನು ವೇದಿಕೆಗೆ ತರುವ ಅರ್ಪಣೆಯುಂಟು. ಆದರೆ ಕ್ರೈಸ್ತರ ಎಣಿಕೆಯಲ್ಲಿ ಮೊದಲ ಕೊಡುಗೆಯು ಕ್ರಿಸ್ತನದು. ಮನುಷ್ಯನ ಅರ್ಪಣೆಯು ಅದಕ್ಕೆ ಹೇಳುವ ಪ್ರತಿವಂದನೆ. 'ಕೃತಜ್ಞತಾಸ್ತುತಿ' ಎಂಬ ಮೂಲನಾಮದ ಅಭಿಪ್ರಾಯವು ಇದೇ. ಈ ಅಂಶವನ್ನು 'ಪ್ರಸಾದ' ಎಂಬ ಮಾತು ಪೂರ್ತಿಯಾಗಿ ಹೊರಲಾರದು. ಕನ್ನಡ ಕ್ರೈಸ್ತರ ಹೆಸರುಗಳಲ್ಲಿ ಕೃತಜ್ಞತೆಯ ಅರ್ಥವೇ ಬಿಟ್ಟುಹೋಗಿರುವುದು ಒಂದು ನ್ಯೂನತೆಯೆಂದೇ ಹೇಳಬೇಕು.

ಎರಡನೆಯ ಭೇದವು ಪಾದೋದಕದಲ್ಲಿ ತೋರುತ್ತದೆ. ಸಂತ ಯೋಹಾನನ ಸುವಾರ್ತೆಯು ಕಡೆಯ ಊಟವನ್ನು ವರ್ಣಿಸಿದರೂ ರೊಟ್ಟಿಯನ್ನು ದೇಹವೆಂದು ಹೇಳಿ ಹಂಚಿದ ಪ್ರಸಂಗವನ್ನು ಅಲ್ಲಿ ತರುವುದಿಲ್ಲ. ಬದಲಾಗಿ ಯೇಸು ಊಟದ ನಡುವೆ ಎದ್ದು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಪೇತ್ರನು ಒಪ್ಪದೆ ಕಾಲನ್ನು ಹಿಂದೆಗೆಯುತ್ತಾನೆ. ಗುರುವಿನ ಪಾದೋದಕವನ್ನು ಶಿಷ್ಯನು ಧರಿಸುವ ನಾಡಿನಲ್ಲಿ ಈ ಪ್ರಸಂಗವನ್ನು ಓದುವವರಿಗೆ ಪೇತ್ರನ ಸಂಕೋಚವು ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ಕೊಡುವವನು ಕೆಳಗೆ ಬಾಗುತ್ತಾನೆ, ಪಡೆಯುವವನು ಮೇಲೆ ಕುಳಿತಿರುತ್ತಾನೆ. ದೇವರ ಔದಾರ್ಯವನ್ನು ಕುರಿತು ಕ್ರೈಸ್ತಧರ್ಮವು ಹೇಳುವುದರಲ್ಲಿ ಅತ್ಯಂತ ವಿಶಿಷ್ಟವಾದುದು ಇದೇ ಇರಬಹುದು. ಎಷ್ಟು ಕೊಟ್ಟನು ಎಂಬುದಕ್ಕಿಂತ ಎಲ್ಲಿ ನಿಂತು ಕೊಟ್ಟನು ಎಂಬುದು ಇಲ್ಲಿ ಮುಖ್ಯ. ಭಕ್ತರಿಗೆ ತಾನು ಕಿರಿಯನೆಂದು ಬಸವಣ್ಣನವರು ತಾಳಿದ ಭೃತ್ಯಭಾವವನ್ನು ಅರಿತವರು ಈ ಬಾಗುವಿಕೆಯ ಬೆಲೆಯನ್ನು ತಿಳಿಯಬಲ್ಲರು. ಆದರೂ ಅಲ್ಲಿ ಬಾಗುವವನು ಭಕ್ತ, ಇಲ್ಲಿ ಬಾಗುವವನು ಪ್ರಭುವೇ ಎಂಬ ಅಂತರವನ್ನು ಅಳಿಸಲಾಗದು.

ಔದಾರ್ಯಕ್ಕೆ ಒಂದು ಮಿತಿಯೂ ಉಂಟೆಂಬುದನ್ನು ಎರಡು ಪರಂಪರೆಗಳೂ ಬಲ್ಲವು. ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಬಿದ್ದ ಮನ್ನವನ್ನು ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಅದು ಹುಳುಬಿದ್ದು ನಾರಿತೆಂದು ಬೈಬಲ್ಲಿನ ವಿಮೋಚನಕಾಂಡವು ಹೇಳುತ್ತದೆ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದಳು. ಮನ್ನದ ಕಥೆಯಲ್ಲಿ ದೇವರ ಶಾಸನವು ಮಾಡಿದ ಕಾರ್ಯವನ್ನು ಇಲ್ಲಿ ಒಬ್ಬ ಬಡಹೆಂಗಸಿನ ವಿವೇಕವು ಮಾಡುತ್ತದೆ. ಕೊಡುಗೆಯನ್ನು ಕೂಡಿಟ್ಟೊಡನೆ ಅದು ಪ್ರಸಾದತ್ವವನ್ನು ಕಳೆದುಕೊಂಡು ಸೊತ್ತಾಗುತ್ತದೆ ಎಂಬ ಅರಿವು ಎರಡರಲ್ಲಿಯೂ ಒಂದೇ.

ಇನ್ನು ಪಂಕ್ತಿಯ ಪ್ರಶ್ನೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಮ್ಮ ಬುತ್ತಿಯನ್ನು ಬಿಚ್ಚಿ ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಹೀಗೆ ಉಂಡುದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲನು ತೀರ್ಪಿತ್ತನು. ಮಂತ್ರದಲ್ಲಾಗಲಿ ರೊಟ್ಟಿಯಲ್ಲಾಗಲಿ ಅವನು ದೋಷವನ್ನು ಕಾಣಲಿಲ್ಲ, ದೋಷವಿದ್ದುದು ಪಂಕ್ತಿಯಲ್ಲಿ. ನಾಲ್ಕನೆಯ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಜಾನ್ ಕ್ರಿಸೊಸ್ಟೋಮನು, ದೇವಾಲಯದ ಒಳಗೆ ಕ್ರಿಸ್ತನ ದೇಹವನ್ನು ಪಟ್ಟೆವಸ್ತ್ರದಿಂದ ಗೌರವಿಸಿ ಹೊರಗೆ ಚಳಿಯಲ್ಲಿ ನಡುಗುವ ಅದೇ ಕ್ರಿಸ್ತನನ್ನು ಮರೆಯುವವರನ್ನು ಖಂಡಿಸಿದನು. ಸ್ಥಾವರಕ್ಕೆ ನೈವೇದ್ಯವನ್ನಿಟ್ಟು ಹಸಿದ ಜಂಗಮನನ್ನು ಹೊರದೂಡುವವರನ್ನು ಬಸವಣ್ಣನವರು ಖಂಡಿಸಿದ ರೀತಿಗೂ ಇದಕ್ಕೂ ಇರುವ ಸಾದೃಶ್ಯವನ್ನು ಎತ್ತಿ ತೋರಿಸುವ ಅಗತ್ಯವಿಲ್ಲ.

ಭಾರತದಲ್ಲಿ ಕೊರಿಂಥದ ದೋಷವು ಜಾತಿಯ ರೂಪವನ್ನು ತಾಳಿತು. ದಕ್ಷಿಣದ ತಮಿಳು ಸಭೆಗಳಲ್ಲಿ ಬೇರೆ ಬೇರೆ ಕುಳಿತು ಪ್ರಭುಭೋಜನವನ್ನು ಸ್ವೀಕರಿಸುವ ರೂಢಿಯನ್ನು ತೊಡೆಯಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು 1833ರಲ್ಲಿ ಆಜ್ಞೆಯನ್ನು ಹೊರಡಿಸಬೇಕಾಯಿತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿನಲ್ಲಿ ಜಾತಿಗಳನ್ನು ಬೇರ್ಪಡಿಸಿದ್ದ ಗೋಡೆಯು 1910ರವರೆಗೂ ನಿಂತಿತ್ತು. ಕನ್ನಡ ಸೀಮೆಯಲ್ಲಿ ಬಾಸೆಲ್ ಮಿಷನ್ನು ಜಾತಿಯನ್ನು ಸಭೆಯೊಳಗೆ ಒಪ್ಪದೆ ಕಠೋರವಾಗಿ ನಡೆದುಕೊಂಡಿತು. ಆದರೆ ಆ ಪಂಕ್ತಿಗೆ ಕುಳಿತವನು ತನ್ನ ಮನೆಯ ಪಂಕ್ತಿಯನ್ನು ಕಳೆದುಕೊಂಡನು. ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದನು. ಅಂಥವರ ಹೊಟ್ಟೆಗಾಗಿ ಮಿಷನ್ನು ನೇಯ್ಗೆಯನ್ನೂ ಹಂಚಿನ ಕಾರ್ಖಾನೆಗಳನ್ನೂ ನಡೆಸಬೇಕಾಯಿತು. ದೇವರು ಕೊಟ್ಟ ರೊಟ್ಟಿ ಯಾವುದು, ಮಿಷನ್ನು ಕೊಟ್ಟ ರೊಟ್ಟಿ ಯಾವುದು ಎಂಬ ವಿವೇಚನೆಯು ಹೀಗೆ ಮಸುಕಾಯಿತು. ಕೊಡುಗೈ ಅನ್ಯರದಾದಾಗ ಪಡೆಯುವವನ ಸ್ವಾತಂತ್ರ್ಯವು ಕುಗ್ಗುವುದು ಸಹಜ. ದಾಸೋಹವು ಕಾಯಕವನ್ನು ಬಿಟ್ಟು ನಿಲ್ಲಲಾರದೆಂದು ಶರಣರು ಹಾಕಿದ ಕಟ್ಟಳೆಯ ಮಹತ್ತ್ವವು ಇಂಥ ಸಂದರ್ಭದಲ್ಲಿ ಗೋಚರಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಭುಭೋಜನಕ್ಕೆ ದೇಶೀಯ ರೂಪವನ್ನು ಕೊಡುವ ಪ್ರಯತ್ನಗಳು ನಡೆದುವು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರ ಭಾಷೆಗೆ ಅವಕಾಶವನ್ನಿತ್ತ ತರುವಾಯ ಲ್ಯಾಟಿನ್ನಿನ ಸ್ಥಾನಕ್ಕೆ ಕನ್ನಡವು ಬಂದಿತು. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್‌ಪವದಾಸರ ನೇತೃತ್ವದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾಯಿತು. 1969ರ ಏಪ್ರಿಲಿನಲ್ಲಿ ರೋಮಿನ ಅನುಮತಿ ಪಡೆದ ಹನ್ನೆರಡು ಅಂಶಗಳಲ್ಲಿ ಪಾದರಕ್ಷೆಯನ್ನು ಕಳಚುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ, ಪಂಚಾಂಗಪ್ರಣಾಮ, ಆರತಿ, ಎಣ್ಣೆಯ ದೀಪ ಮುಂತಾದುವು ಸೇರಿದ್ದುವು. ಉದ್ದೇಶವು ಗೌರವಾರ್ಹವಾದುದೇ. ಆದರೆ ಆಯ್ದುಕೊಂಡ ದೇಶೀಯತೆಯು ಬಹುಮಟ್ಟಿಗೆ ಗರ್ಭಗುಡಿಯ ದೇಶೀಯತೆಯಾಗಿತ್ತು. ಗುಡಿಯ ಹೊಸ್ತಿಲಿನಾಚೆಗೆ ನಿಲ್ಲಿಸಲ್ಪಟ್ಟವರ ಮಕ್ಕಳೇ ಸಭೆಯಲ್ಲಿ ಬಹುಸಂಖ್ಯಾತರಾಗಿರುವಾಗ, ಆರತಿಯ ತಟ್ಟೆಯು ಅವರಿಗೆ ಏನನ್ನು ನೆನಪಿಗೆ ತಂದೀತು ಎಂಬ ಆಕ್ಷೇಪವು ನ್ಯಾಯವಾದುದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಮಾಡಿದ ಉಪನ್ಯಾಸದಿಂದ ಮೊದಲ್ಗೊಂಡ ದಲಿತ ದೇವತಾಶಾಸ್ತ್ರವು ಈ ಆಕ್ಷೇಪಕ್ಕೆ ತಾತ್ತ್ವಿಕ ಬಲವನ್ನು ಕೊಟ್ಟಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಲಿಯು 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣದ ನೀತಿಯಲ್ಲಿ ಸಭೆಯೊಳಗೆ ಜಾತಿಭೇದವು ಇನ್ನೂ ಉಳಿದಿದೆಯೆಂದು ತಾನೇ ಒಪ್ಪಿಕೊಂಡಿತು. ವೇದಿಕೆಯು ದೇಶೀಯವಾದರೂ ಪಂಕ್ತಿಯು ಶುದ್ಧವಾಗಿರಲಿಲ್ಲವೆಂದು ಇದರ ತಾತ್ಪರ್ಯ.

ರೊಟ್ಟಿಯ ಧಾನ್ಯವೂ ಇಲ್ಲಿ ವಿಚಾರಾರ್ಹವಾಗಿದೆ. ಕಥೋಲಿಕರ 1983ರ ಧರ್ಮಶಾಸನವು ಬಲಿಪೂಜೆಯ ರೊಟ್ಟಿಯು ಗೋದಿಯದೇ ಆಗಿರಬೇಕೆಂದು ವಿಧಿಸುತ್ತದೆ. ಮೂಲದ ಊಟದೊಡನೆ ಸಂಬಂಧವನ್ನು ಕಡಿದುಕೊಳ್ಳಬಾರದೆಂಬ ನಿಷ್ಠೆಯು ಅದರ ಹಿಂದಿದೆ. ಆದರೆ ಯೇಸು ಕೈಗೆತ್ತಿಕೊಂಡುದು ಅವನ ಜನರು ನಿತ್ಯವೂ ಉಣ್ಣುತ್ತಿದ್ದ ಆಹಾರವನ್ನು. ಐದು ಸಾವಿರ ಮಂದಿಗೆ ಉಣಿಸಿದ ಪ್ರಸಂಗದಲ್ಲಿ ಒಬ್ಬ ಹುಡುಗನ ಬಳಿಯಿದ್ದುದು ಜವೆಗೋದಿಯ ರೊಟ್ಟಿಯೆಂದು ಯೋಹಾನನು ಹೇಳುತ್ತಾನೆ. ಜವೆಗೋದಿಯು ಅಲ್ಲಿಯ ಬಡವರ ಧಾನ್ಯ. ಎರೆಯ ಹೊಲದಲ್ಲಿ ಬಿಳಿಜೋಳವನ್ನು ಬೆಳೆದು ಉಣ್ಣುವ ಡಂಬಳದಂಥ ಸೀಮೆಯಲ್ಲಿ, ತೆಳ್ಳನೆಯ ಬಿಳಿಯ ಗೋದಿಯ ಬಿಲ್ಲೆಯು ಪವಿತ್ರವಸ್ತುವಾಗಿ ಕಂಡೀತಲ್ಲದೆ ಹಸಿವಿನ ಉತ್ತರವಾಗಿ ಕಾಣುವುದು ಕಷ್ಟ. ಜೋಳದ ರೊಟ್ಟಿಯನ್ನು ತಟ್ಟುವ ಕೈಗಳ ಸಪ್ಪಳವು ಆ ಬಿಲ್ಲೆಯಲ್ಲಿ ಕೇಳಿಸದು.

ಹೀಗೆಂದು ರೊಟ್ಟಿ ಜಾತ್ರೆಯನ್ನೂ ಪ್ರಭುಭೋಜನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜಾತ್ರೆಯ ರೊಟ್ಟಿಯು ದಾಸೋಹ. ಹಸಿದು ಬಂದವರೆಲ್ಲರಿಗೂ ಸಲ್ಲತಕ್ಕುದು. ಪ್ರಭುಭೋಜನವು ದೀಕ್ಷಾಸ್ನಾನ ಪಡೆದವರ ಸಂಸ್ಕಾರ. ಹೊರಗಿನವನಿಗೆ ಅದರ ಬಾಗಿಲು ಸುಲಭವಾಗಿ ತೆರೆಯದು. ವೀರಶೈವರಲ್ಲಿಯೂ ಇಷ್ಟಲಿಂಗಕ್ಕೆ ಅರ್ಪಿಸಿ ಕೊಳ್ಳುವ ಪ್ರಸಾದವು ದೀಕ್ಷಿತನ ಅಂತರಂಗದ ವಿಷಯವೇ. ಆದುದರಿಂದ ಒಳಗಿನ ಪ್ರಸಾದ, ಹೊರಗಿನ ದಾಸೋಹ ಎಂಬ ಎರಡು ವಲಯಗಳು ಎರಡು ಕಡೆಗೂ ಉಂಟು. ಒಳಗೆ ಪಡೆದ ಔದಾರ್ಯವು ಹೊರಗಿನ ಪಂಕ್ತಿಯವರೆಗೆ ಹರಿಯಿತೇ ಎಂಬುದೊಂದೇ ಇಬ್ಬರನ್ನೂ ಕೇಳತಕ್ಕ ಪ್ರಶ್ನೆ. 1982ರಲ್ಲಿ ಲೀಮಾ ನಗರದಲ್ಲಿ ವಿವಿಧ ಸಭೆಗಳ ಪಂಡಿತರು ಸಿದ್ಧಗೊಳಿಸಿದ ಹೇಳಿಕೆಯು, ಈ ರೊಟ್ಟಿಯನ್ನು ಹಂಚಿಕೊಂಡವರು ಸಮಾಜದ ಅನ್ಯಾಯವನ್ನು ಕಂಡು ಸುಮ್ಮನಿರಲಾಗದೆಂಬ ನಿಲವನ್ನು ತಾಳಿದುದು ಈ ಪ್ರಶ್ನೆಯನ್ನು ಕ್ರೈಸ್ತಲೋಕವೂ ಮನಗಂಡಿದೆಯೆಂಬುದಕ್ಕೆ ಸಾಕ್ಷಿ.

ಪರೀಕ್ಷೆಯು ಏಕಮುಖವಾದುದಲ್ಲ. 'ಶೂನ್ಯಸಂಪಾದನೆ'ಯಲ್ಲಿ ಮರುಳಶಂಕರದೇವರ ವೃತ್ತಾಂತವಿದೆ. ಕಲ್ಯಾಣದ ಮಹಾಮನೆಯಲ್ಲಿ ಪ್ರಸಾದದ ಕುಂಡದ ಬಳಿ ಹನ್ನೆರಡು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಬಾಳಿದ ಆ ಮಹಾನುಭಾವನನ್ನು ಪ್ರಭುದೇವರು ಬಂದು ಗುರುತಿಸಿದರು. ದಿನವೂ ಅಸಂಖ್ಯಾತರಿಗೆ ಉಣಿಸುತ್ತಿದ್ದ ಮನೆಗೆ ತನ್ನ ಅಂಗಳದ ಪ್ರಸಾದಿಯೇ ಕಾಣಿಸಿರಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಅನ್ಯಕುಲದ ಕಾನಾನ್ಯ ಹೆಂಗಸೊಬ್ಬಳು ಯಜಮಾನನ ಮೇಜಿನಿಂದ ಬೀಳುವ ತುಣುಕುಗಳಾದರೂ ತನಗೆ ಸಲ್ಲಬೇಕೆಂದು ವಾದಿಸಿ, ಯೇಸುವಿನಿಂದಲೇ ಒಪ್ಪಿಗೆಯನ್ನು ಪಡೆಯುತ್ತಾಳೆ. ಎರಡು ಕಥೆಗಳಲ್ಲಿಯೂ ಪ್ರಸಾದದ ಮಹಿಮೆಯನ್ನು ಹೆಚ್ಚಾಗಿ ಬಲ್ಲವರು ಪಂಕ್ತಿಯ ಹೊರಗಿದ್ದವರು. ಕೊಡುವ ಮನೆಯು ಎಷ್ಟು ದೊಡ್ಡದಾದರೂ ತನ್ನ ಕುಂಡದ ಬದಿಯನ್ನೂ ಮೇಜಿನ ಕೆಳಗನ್ನೂ ಆಗಾಗ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯು ಇವುಗಳಲ್ಲಿದೆ.

ಒಟ್ಟಿನಲ್ಲಿ ಕನ್ನಡ ಕ್ರೈಸ್ತರು ಪ್ರಭುಭೋಜನಕ್ಕೆ 'ಪ್ರಸಾದ' ಎಂಬ ಹೆಸರನ್ನು ಆಯ್ದುಕೊಂಡುದು ಒಂದು ಸಾರ್ಥಕವಾದ ಸಾಲ. ಸಾಲವಾಗಿ ತಂದ ಪದವು ತನ್ನೊಡನೆ ಹೊಣೆಯನ್ನೂ ತರುತ್ತದೆ. ಈ ನಾಡಿನಲ್ಲಿ ಪ್ರಸಾದವೆಂಬ ಮಾತಿನ ಬೆನ್ನಿಗೆ ದಾಸೋಹವೆಂಬ ಮಾತು ನಿಂತಿದೆ. ಒಂದನ್ನು ಕೊಂಡು ಇನ್ನೊಂದನ್ನು ಬಿಡಲಾಗದು. ಆ ಪದವನ್ನು ಕೊಟ್ಟವರೂ ಅದರ ಹೊಣೆಯಿಂದ ಮುಕ್ತರಲ್ಲ. ದೇವರು ತನ್ನನ್ನೇ ಕೊಟ್ಟನೆಂದು ಒಬ್ಬರು, ತನ್ನ ಪ್ರಸನ್ನತೆಯನ್ನೇ ಕೊಟ್ಟನೆಂದು ಇನ್ನೊಬ್ಬರು ನಂಬಿದರೂ, ಆ ನಂಬಿಕೆಯ ನಿಜವು ಮಗ್ಗುಲ ಎಲೆಗೆ ರೊಟ್ಟಿ ಬಿದ್ದಾಗ ತಿಳಿದುಬರತಕ್ಕುದು.